ಕೆಳಗೆ ಎರಡು ಸಾವಿರ, ಮೇಲೆ ಎರಡು

ನನ್ನ ಹೆಂಡತಿಯ ಅಣ್ಣನಿಗೆ ನಾನು ಹನ್ನೊಂದು ಬಕೆಟ್ ಬಿಸಿನೀರು ಬಾಕಿ ಇದ್ದೇನೆ. ಗ್ಯಾಸ್ ಒಲೆಯ ಮೇಲೆ ಕಾಯಿಸಬೇಕು, ಕೈಯಲ್ಲಿ ಹಿಡಿದು ಮಹಡಿ ಹತ್ತಬೇಕು, ಅವರ ಬಚ್ಚಲಿನ ಮುಂದೆ ಇಟ್ಟು "ಭಾವ, ನೀರು" ಎನ್ನಬೇಕು. ಮೂವತ್ತು ವರ್ಷ ಬೀದಿಯಲ್ಲಿ ನಿಂತು "ಕೊಡಿ, ಕೊಡಿ" ಎಂದು ಕೂಗಿದ ಬಾಯಿ ಇದು. ಈಗ ಕೊಡುವ ಸರದಿ ನನ್ನದಾಗಿದೆ, ಮತ್ತು ಕೂಗಲು ಯಾರೂ ಬಿಡುತ್ತಿಲ್ಲ.

ಈ ಬಾಕಿ ಹೇಗೆ ತಲೆಗೆ ಬಂತು ಎಂದು ನಾನೇ ಹೇಳಿಬಿಡುತ್ತೇನೆ. ನನ್ನ ಹೆಂಡತಿಯ ಬಾಯಲ್ಲಿ ಕೇಳಿದರೆ ಇದಕ್ಕಿಂತ ದೊಡ್ಡ ದಡ್ಡನಾಗಿ ಕಾಣುತ್ತೇನೆ.

ಮನೆ ಮಾವನವರದು. ಅವರು ಹೋಗುವ ಮೊದಲು ಕೆಳಗಿನದು ಮಗಳಿಗೆ, ಮೇಲಿನದು ಮಗನಿಗೆ ಎಂದು ಪಾಲು ಮಾಡಿಟ್ಟರು. ಕೋಣೆ, ನಲ್ಲಿ, ಅಂಗಳ, ಬಟ್ಟೆ ಒಣಗಿಸುವ ತಂತಿ ಎಲ್ಲ ಪಾಲಾಯಿತು. ಕರೆಂಟಿನ ಲೈನನ್ನು ಪಾಲು ಮಾಡುವುದು ಮಾತ್ರ ಮರೆತರು. ಹೀಗಾಗಿ ಎರಡೂ ಸಂಸಾರಕ್ಕೆ ಸೇರಿ ಒಂದೇ ಮೀಟರು, ಮೆಟ್ಟಿಲು ತಿರುಗುವ ಕಡೆ ಗೋಡೆಯಲ್ಲಿ ಒಂದೇ ಟ್ರಿಪ್ ಸ್ವಿಚ್ಚು. ಕರೆಂಟು ಎಳೆಯುವುದು ಜಾಸ್ತಿಯಾದರೆ ಅದು ಸ್ವಲ್ಪ ಹೊತ್ತು ಸಹಿಸಿಕೊಂಡು, ಆಮೇಲೆ ಟಪ್ ಎಂದು ಬೀಳುತ್ತದೆ. ಬಿದ್ದರೆ ಮೇಲೂ ಇಲ್ಲ, ಕೆಳಗೂ ಇಲ್ಲ.

ಮೇಲಿರುವ ಭಾವ ಪೊಲೀಸ್ ಪೇದೆಯಾಗಿ ನಿವೃತ್ತರಾದವರು. ಕೆಳಗಿರುವ ನಾನು ಮಿಲ್ಲಿನ ಕಾರ್ಮಿಕ ಸಂಘದ ಕಾರ್ಯದರ್ಶಿಯಾಗಿ ನಿವೃತ್ತನಾದವನು (ಮಿಲ್ಲು ನನಗಿಂತ ಮೊದಲೇ ನಿವೃತ್ತವಾಯಿತು, ಅದರಲ್ಲಿ ನನ್ನ ಕೈವಾಡವಿದೆ ಎಂದು ಭಾವ ಈಗಲೂ ಹೇಳುತ್ತಾರೆ). ನಮ್ಮಿಬ್ಬರ ಪರಿಚಯ ಶುರುವಾದದ್ದೇ ಲೆಕ್ಕದ ತಗಾದೆಯಿಂದ. ಮಿಲ್ಲಿನ ಬಾಗಿಲಿನಿಂದ ದೊಡ್ಡ ಕಚೇರಿಯವರೆಗೆ ನಾವು ಮೆರವಣಿಗೆ ತೆಗೆದ ದಿನ, ರಸ್ತೆ ಬದಿಯಲ್ಲಿ ನಿಂತು ತಲೆ ಎಣಿಸುವ ಡ್ಯೂಟಿ ಅವರದಾಗಿತ್ತು. ನಾನು ಪತ್ರಿಕೆಯವರಿಗೆ ಐದು ಸಾವಿರ ಜನ ಎಂದೆ. ಅವರು ತಮ್ಮ ಸಾಹೇಬರಿಗೆ ಐನೂರು ಎಂದರು. ಪತ್ರಿಕೆಯವರು ಇಬ್ಬರನ್ನೂ ನಂಬದೆ "ಹಲವರು" ಎಂದು ಅಚ್ಚು ಹಾಕಿದರು. ಸಂಜೆ ಅದೇ ಪೇದೆ ನನ್ನ ಕಾಲರ್ ಹಿಡಿದು ವ್ಯಾನಿಗೆ ತುಂಬಿದರು. ಠಾಣೆಗೆ ಅಣ್ಣನ ಊಟದ ಡಬ್ಬಿ ತಂದಿದ್ದ ತಂಗಿ, ಕಂಬಿಯ ಹಿಂದೆ ಘೋಷಣೆ ಕೂಗುತ್ತಿದ್ದವನನ್ನು ನೋಡಿ, ಗಂಟಲು ಒಣಗಿರಬೇಕು ಎಂದು ಒಂದು ಲೋಟ ನೀರು ಕೊಟ್ಟಳು. ಆ ನೀರನ್ನು ಇವತ್ತಿಗೂ ಜೀರ್ಣಿಸಿಕೊಳ್ಳುತ್ತಿದ್ದೇನೆ.

ಅಂದಿನಿಂದ ನಮ್ಮ ಮನೆಯಲ್ಲಿ ಯಾವ ಅಂಕಿಗೂ ಎರಡು ಬೆಲೆ. ನಾನು ಹೇಳಿದ್ದನ್ನು ಭಾವ ಹತ್ತರಿಂದ ಭಾಗಿಸಿ ಕೇಳಿಸಿಕೊಳ್ಳುತ್ತಾರೆ. ಅವರು ಹೇಳಿದ್ದನ್ನು ನಾನು ಹತ್ತರಿಂದ ಗುಣಿಸಿ ಕೇಳಿಸಿಕೊಳ್ಳುತ್ತೇನೆ. ಮದುವೆ ಮಾತುಕತೆಯಲ್ಲಿ ನನ್ನ ವಯಸ್ಸನ್ನು ಮಾತ್ರ ಇಬ್ಬರೂ ಹಾಗೇ ಬಿಟ್ಟೆವು.

ನನ್ನ ಹೆಂಡತಿ ಮುಂದಿನ ಕೋಣೆಯಲ್ಲಿ ಹೊಲಿಗೆ ಇಟ್ಟುಕೊಂಡಿದ್ದಾಳೆ. ಸಂಘ ಮುಚ್ಚಿದ ಮೇಲೆ ಮನೆ ನಡೆದದ್ದು ಅವಳ ಮೆಷಿನ್ ತುಳಿತದಿಂದ, ನನ್ನ ಭಾಷಣದಿಂದಲ್ಲ. ಇಷ್ಟು ವರ್ಷ ಬೀದಿಯವರ ರವಿಕೆ, ಲಂಗ ಹೊಲಿದವಳಿಗೆ ಮೊದಲ ಸಲ ಹತ್ತಿರದ ಆಸ್ಪತ್ರೆಯವರು ನರ್ಸುಗಳ ಬಿಳಿ ಕೋಟು ಹೊಲಿಯಲು ಕೊಟ್ಟರು. ಷರತ್ತು ಸರಳ. ಅಲ್ಲಿಂದ ಮೂರನೆಯ ಶನಿವಾರ ಮಧ್ಯಾಹ್ನದೊಳಗೆ ಅಷ್ಟೂ ಕೋಟು ಇಸ್ತ್ರಿಯಾಗಿ, ಮಡಚಿ, ಅವರ ಮೇಜಿನ ಮೇಲಿರಬೇಕು. ಚೆನ್ನಾಗಿದ್ದರೆ ಇಡೀ ವರ್ಷದ ಹೊಲಿಗೆ ಇವಳಿಗೇ. ಒಂದರ ಮೇಲೆ ಕಲೆ ಕಂಡರೂ ಬೇರೆಯವರಿಗೆ. ಅದಕ್ಕೆಂದೇ ಅವಳು ಹಬೆ ಬಿಡುವ ದೊಡ್ಡ ಇಸ್ತ್ರಿ ಪೆಟ್ಟಿಗೆಯೊಂದನ್ನು ತಂದಳು. ಅದು ಬುಸ್ ಎಂದು ಹಬೆ ಬಿಟ್ಟರೆ ಬಟ್ಟೆಯ ಸುಕ್ಕೆಲ್ಲ ಹೆದರಿ ಮಲಗಿಕೊಳ್ಳುತ್ತದೆ. ಒಂದೇ ಕಾಯಿಲೆ ಅದಕ್ಕೆ: ನಡುವೆ ಕರೆಂಟು ಹೋಗಿ ತಣ್ಣಗಾದರೆ ಹಬೆಯ ಬದಲು ಕಂದು ನೀರು ಉಗುಳುತ್ತದೆ.

ಆ ಪೆಟ್ಟಿಗೆ ಮನೆಗೆ ಬಂದ ಮಾರನೆಯ ಬೆಳಿಗ್ಗೆಯೇ ಸ್ವಿಚ್ಚು ಬಿತ್ತು. ಅದರ ಮಾರನೆಯ ದಿನವೂ ಬಿತ್ತು. ಅವಳು ಏಳು ಗಂಟೆಗೆ ಇಸ್ತ್ರಿ ಹಚ್ಚುತ್ತಾಳೆ. ಅದೇ ಹೊತ್ತಿಗೆ ಭಾವ ಗೀಸರ್ ಹಾಕುತ್ತಾರೆ. ಡ್ಯೂಟಿಯಲ್ಲಿ ನಿಂತು ನಿಂತು ಅವರ ಮಂಡಿಗಳೆರಡೂ ಹೋಗಿವೆ. ಬಿಸಿನೀರು ಬೀಳದೆ ಮಡಚಲು ಒಪ್ಪುವುದಿಲ್ಲ. ಹತ್ತು ನಿಮಿಷ ಎಲ್ಲ ಸುಖವಾಗಿರುತ್ತದೆ. ಆಮೇಲೆ ಟಪ್. ಕೆಳಗೆ ಇಸ್ತ್ರಿ ಪೆಟ್ಟಿಗೆ ಬಿಳಿ ಬಟ್ಟೆಯ ಮೇಲೆ ಉಗುಳುತ್ತದೆ. ಮೇಲೆ ಭಾವ ಮೈಗೆಲ್ಲ ಸೋಪು ಹಚ್ಚಿಕೊಂಡು ತಣ್ಣೀರಿನ ಕೆಳಗೆ ನಿಂತಿರುತ್ತಾರೆ. ಸ್ವಿಚ್ಚು ಎತ್ತಲು ಇಬ್ಬರೂ ಬರುವುದಿಲ್ಲ. ಯಾರು ಮೊದಲು ಮೆಟ್ಟಿಲಿಗೆ ಕಾಲಿಟ್ಟರೋ ಅವರದೇ ತಪ್ಪು ಎಂದಾಗುತ್ತದಲ್ಲ.

ನಾನು ಈ ಜಗಳದಲ್ಲಿ ತಟಸ್ಥ. ಹಿತ್ತಲ ಬಚ್ಚಲಿನಲ್ಲಿ ನನ್ನದೊಂದು ಹಳೆಯ ಕಾಯಿಲ್ ಇದೆ. ಧರಣಿಯ ಟೆಂಟಿನಲ್ಲಿ ಚಹಾಕ್ಕೆ ನೀರು ಕಾಯಿಸುತ್ತಿದ್ದ ಐತಿಹಾಸಿಕ ಕಾಯಿಲ್. ಎಲ್ಲರಿಗಿಂತ ಸ್ವಲ್ಪ ಮೊದಲೇ ಅದನ್ನು ಬಕೆಟ್ಟಿಗೆ ಇಳಿಬಿಟ್ಟಿರುತ್ತೇನೆ. ಸ್ವಿಚ್ಚು ಬೀಳುವ ಹೊತ್ತಿಗೆ ನನ್ನ ನೀರು ಮೈಗೆ ಹಿತವಾಗಿ ಕಾದಿರುತ್ತದೆ. ಬೆಚ್ಚಗೆ ಸ್ನಾನ ಮಾಡಿದ ಮನುಷ್ಯ ಎರಡೂ ಪಕ್ಷಕ್ಕೆ ಶಾಂತಿ ಬೋಧಿಸುವುದು ಬಹಳ ಸುಲಭ.

ಹೀಗೆ ಹನ್ನೊಂದು ಬೆಳಿಗ್ಗೆ ಕಳೆದವು. ಹನ್ನೊಂದನೆಯ ದಿನ ಹೆಂಡತಿ ಕಲೆಯಾದ ಕೋಟೊಂದನ್ನು ನನ್ನ ಮುಖದ ಮುಂದೆ ಹಿಡಿದಳು.

"ರೀ, ದೊಡ್ಡ ದೊಡ್ಡವರ ಜೊತೆ ಮಾತುಕತೆ ಮಾಡಿ ಗೆದ್ದಿದೀನಿ ಅಂತೀರಲ್ಲ. ನಮ್ಮಣ್ಣನ ಜೊತೆ ಒಂದು ಮಾತುಕತೆ ಮಾಡಿ. ನಿಮ್ಮ ಕೈಲಿ ಆಗಲ್ಲ ಅಂದ್ರೆ ಹೇಳಿ, ಕರೆಂಟ್ ಕೆಲಸದವನನ್ನ ಕರೆಸ್ತೀನಿ."

ಆಗಲ್ಲ ಅಂದರೆ ಹೇಳಿ ಎಂಬ ಮಾತು ನನ್ನಂಥವನಿಗೆ ಹೇಳಬಾರದು. ತಕ್ಷಣ ಒಂದು ಸತ್ಯಶೋಧನಾ ಸಮಿತಿ ನೇಮಿಸಿದೆ. ಅಧ್ಯಕ್ಷ ನಾನು, ಸದಸ್ಯ ನಾನು, ಸಮಿತಿಯ ಚಹಾ ಖರ್ಚು ಅವಳದು.

ಸಮಿತಿ ಮೊದಲು ಹೋದದ್ದು ಬೀದಿ ಕೊನೆಯ ಎಲೆಕ್ಟ್ರಿಕಲ್ ಅಂಗಡಿಗೆ. ಅಂಗಡಿಯವನು ಬೇರೆ ಗಿರಾಕಿಗೆ ವೈರು ಅಳೆಯುತ್ತಲೇ, ನನ್ನ ಕಡೆ ತಿರುಗದೆ ಹೇಳಿದ: ವೋಲ್ಟಿಗೆ ಆಂಪಿಯರ್ ಗುಣಿಸಿದರೆ ವಾಟು, ಸಾವಿರ ವಾಟಿನ ವಸ್ತು ಒಂದು ಗಂಟೆ ಉರಿದರೆ ಬಿಲ್ಲಿನಲ್ಲಿ ಒಂದು ಯೂನಿಟ್ಟು, ಪಕ್ಕಕ್ಕೆ ನಿಲ್ಲಿ. ಇಷ್ಟೇ. ಆದರೆ ನನಗೆ ದಾರಿಯಲ್ಲಿ ಬರುತ್ತಾ ಜ್ಞಾನೋದಯವಾಯಿತು. ಮನೆಗೆ ಬಂದವನೇ ಹೆಂಡತಿಯನ್ನು ಮೆಷಿನ್ನಿನ ಮುಂದೆಯೇ ಕೂರಿಸಿಕೊಂಡು ಭಾಷಣ ಶುರು ಮಾಡಿದೆ.

ಕರೆಂಟು ಎಂದರೆ ಮೆರವಣಿಗೆ. ವೋಲ್ಟು ಎಂದರೆ ಹಿಂದಿನಿಂದ ನೂಕುವ ಸಿಟ್ಟು. ಸಿಟ್ಟು ಇಲ್ಲದಿದ್ದರೆ ಜನ ನಿಂತಲ್ಲೇ ಬೀಡಿ ಸೇದುತ್ತಾರೆ. ಆಂಪಿಯರ್ ಎಂದರೆ ಒಂದು ಗಳಿಗೆಯಲ್ಲಿ ಗೇಟು ದಾಟುವ ಜನ. ಓಮ್ ಎಂಬುದೊಂದಿದೆ, ಅದು ಪೊಲೀಸರು ಅಡ್ಡ ಇಟ್ಟ ಬ್ಯಾರಿಕೇಡು. ಸಿಟ್ಟು, ಜನ ಎರಡನ್ನೂ ಗುಣಿಸಿದರೆ ಎಷ್ಟು ಗಾಜು ಒಡೆಯುತ್ತದೋ ಅದು ವಾಟು. ಎಷ್ಟು ಹೊತ್ತು ಒಡೆದರು ಎಂಬುದನ್ನೂ ಸೇರಿಸಿದರೆ ಯೂನಿಟ್ಟು. ಮರುದಿನ ನಮ್ಮ ಹೆಸರಿಗೆ ಬರುವ ಬಿಲ್ಲು. ಓಣಿ ಇರುವುದು ಇಷ್ಟಗಲ, ಜನ ಬಂದದ್ದು ಅಷ್ಟು ಎಂದಾದರೆ ಮೆಟ್ಟಿಲಿನ ಸ್ವಿಚ್ಚು ಇನ್ಸ್‌ಪೆಕ್ಟರ್ ಹಾಗೆ ಕೈ ಎತ್ತಿ, ಎಲ್ಲರೂ ಮನೆಗೆ ಹೋಗಿ ಎನ್ನುತ್ತದೆ.

ಹೇಳಿ ಮುಗಿಸಿ ಚಪ್ಪಾಳೆಗೆ ಕಾದೆ. ಅವಳು ಸೂಜಿಗೆ ದಾರ ಪೋಣಿಸುತ್ತಿದ್ದಳು.

"ಜಾಸ್ತಿ ಜನ ಬರ್ತಿರೋದು ಯಾರ ಮನೆಯಿಂದ?" ಎಂದಳು.

"ಅದನ್ನ ಎಣಿಸಬೇಕು."

"ಹಾಗಾದ್ರೆ ಎದ್ದು ಎಣಿಸಿ."

ನೋಡಿ, ಇಲ್ಲಿಯವರೆಗೆ ನಾನು ಸರಿಯಾಗಿಯೇ ಇದ್ದೆ. ಈ ಭಾಷಣವನ್ನು ಯಾವ ಶಾಲೆಯಲ್ಲಾದರೂ ಮಾಡಬಹುದು. ಸಿದ್ಧಾಂತ ಗಟ್ಟಿ, ಕೂಡುವ ಕಳೆಯುವ ಜಾಗದಲ್ಲಿ ಪೊಳ್ಳು: ನಮ್ಮ ಸಂಘದ ಚರಿತ್ರೆಯೂ ಇದೇ.

ಕನ್ನಡಕ ಹಾಕಿಕೊಂಡು ಪ್ರತಿಯೊಂದು ವಸ್ತುವನ್ನೂ ತಲೆಕೆಳಗು ಮಾಡಿ ಅದರ ತಳ ಓದಿದೆ. ಬಲ್ಬು ಒಂಬತ್ತು ವಾಟು. ಪಾಪ. ಫ್ಯಾನು ಎಪ್ಪತ್ತು. ಹೊಲಿಗೆ ಮೆಷಿನ್ನಿನ ಮೋಟಾರು ನೂರು. ಆಮೇಲೆ ಇಸ್ತ್ರಿ ಪೆಟ್ಟಿಗೆಯನ್ನು ತಿರುಗಿಸಿದೆ. ಎರಡು ಸಾವಿರ ವಾಟು.

ಕನ್ನಡಕ ತೆಗೆಯಲೂ ಇಲ್ಲ. ಮೇಲೆ ಹೋದೆ. ಮಂಡಿ ಹೇಗಿದೆ ಭಾವ ಎಂದು ವಿಚಾರಿಸುವ ನೆಪದಲ್ಲಿ ಅವರ ಬಚ್ಚಲಿಗೆ ನುಗ್ಗಿ ಗೀಸರಿನ ಹೊಟ್ಟೆ ಓದಿದೆ. ಅದರ ಮೇಲೆ ಬರೆದದ್ದು ಎರಡು. ಎರಡು ಕಿಲೋವಾಟ್.

ಆ ಕಿಲೋ ಎಂಬುದು ಕಣ್ಣಿಗೆ ಬೀಳಲಿಲ್ಲ ಎಂದುಕೊಳ್ಳಬೇಡಿ. ಬಿತ್ತು. ಬಿದ್ದರೂ ಅದಕ್ಕೆ ಬೆಲೆ ಕೊಡಲಿಲ್ಲ. ನಮ್ಮ ಸಂಘದಲ್ಲಿ ಒಂಬತ್ತು ಜನ ಸೇರಿದರೆ ಮಹಾಸಭೆ. ಅದರಲ್ಲಿ ಇಬ್ಬರು ಎದ್ದು ಬಂದರೆ ಬೃಹತ್ ಪ್ರತಿಭಟನೆ. ನಾನೇ ಎಷ್ಟೋ ಕರಪತ್ರಗಳಲ್ಲಿ ಸಣ್ಣ ಅಂಕಿಯ ಪಕ್ಕ ದೊಡ್ಡ ಮಾತು ಕೂರಿಸಿ ಮಾನ ಉಳಿಸಿದವನು. ಬರೀ ಎರಡು ವಾಟಿನ ಬಡಪಾಯಿ ಗೀಸರಿಗೆ ಕಂಪನಿಯವರು ಕಿಲೋ ಎಂಬ ಬಿರುದು ಕೊಟ್ಟು ಗಿರಾಕಿಯನ್ನು ಮಂಗ ಮಾಡುತ್ತಿದ್ದಾರೆ ಎಂದು, ಒಬ್ಬ ಅನುಭವಿ ಕರಪತ್ರ ಬರಹಗಾರನಾಗಿ, ಒಂದೇ ನೋಟಕ್ಕೆ ಹಿಡಿದುಬಿಟ್ಟೆ.

ಇಳಿಯುವಾಗ ಮೆಟ್ಟಿಲಿನ ಸ್ವಿಚ್ಚನ್ನೂ ನೋಡಿದೆ. ಇಪ್ಪತ್ತು ಆಂಪಿಯರ್. ಅಲ್ಲೇ ಗೋಡೆಗೆ ಒರಗಿ ಲೆಕ್ಕ ಹಾಕಿದೆ. ಗೀಸರು ಪೊಲೀಸರದು, ಪೊಲೀಸರ ಅಂಕಿಯನ್ನು ಹತ್ತರಿಂದ ಗುಣಿಸಬೇಕು. ಎರಡು ಹತ್ತಲೆ ಇಪ್ಪತ್ತು. ಸ್ವಿಚ್ಚಿನ ಮೇಲೂ ಇಪ್ಪತ್ತು. ಅಂದರೆ ಎಷ್ಟು ಹಿಗ್ಗಿಸಿದರೂ ಆ ಮನುಷ್ಯ ಕಾನೂನಿನ ಗೆರೆಯ ಒಳಗೇ ಇದ್ದಾರೆ. ಇಸ್ತ್ರಿ ನಮ್ಮದು, ನಮ್ಮ ಅಂಕಿಯನ್ನು ಹತ್ತರಿಂದ ಭಾಗಿಸೋಣ ಎಂದರೆ ಇನ್ನೂರು. ಆದರೂ ಸ್ವಿಚ್ಚಿನ ಹತ್ತು ಪಟ್ಟು. (ಗೇಟು ದಾಟುವ ಜನಕ್ಕೂ ಒಡೆದ ಗಾಜಿಗೂ ವ್ಯತ್ಯಾಸವಿದೆ ಎಂದು ಅರ್ಧ ಗಂಟೆ ಮೊದಲು ಭಾಷಣ ಬಿಗಿದವನು ಇವನೇ. ಆಂಪಿಯರಿನ ಪಕ್ಕ ವಾಟನ್ನು ನಿಲ್ಲಿಸಿ ಎತ್ತರ ನೋಡುತ್ತಿದ್ದ.)

ತೀರ್ಮಾನ ಸ್ಪಷ್ಟವಾಯಿತು. ತಪ್ಪೆಲ್ಲ ನನ್ನ ಹೆಂಡತಿಯದು, ಅದೂ ಸಾವಿರ ಪಟ್ಟು. ಹನ್ನೊಂದು ದಿನ ಪಾಪದ ಅಣ್ಣನನ್ನು ತಣ್ಣೀರಿನಲ್ಲಿ ನಿಲ್ಲಿಸಿ, ಸಾಲದ್ದಕ್ಕೆ ಅವನನ್ನೇ ಬೈದಿದ್ದಾಳೆ. ಇದು ಹೊರಗೆ ಬಂದರೆ ಭಾವ ನಮ್ಮನ್ನು ಬದುಕಿರುವವರೆಗೂ ಬಿಡುವುದಿಲ್ಲ. ಸಂಗಾತಿಯನ್ನು ಬಿಟ್ಟುಕೊಡುವವನು ನಾನಲ್ಲ. ಅವಳು ಅಡುಗೆಮನೆಯಲ್ಲಿದ್ದಾಗ ಇಸ್ತ್ರಿ ಪೆಟ್ಟಿಗೆಯ ಎರಡು ಸಾವಿರದ ಮೇಲೆ ಕಪ್ಪು ಟೇಪು ಅಂಟಿಸಿದೆ. ಕೈ ಅಭ್ಯಾಸಕ್ಕೆ ಅಂಟಿಸಿದ ಮೇಲೆ ಎರಡು ಹೆಜ್ಜೆ ಹಿಂದೆ ಸರಿದು ಪೋಸ್ಟರು ನೋಡುವಂತೆ ನೋಡಿದೆ. ಚೆನ್ನಾಗಿ ಕೂತಿತ್ತು.

ಕಾಯಿಲನ್ನೂ ನೋಡಿದೆನೆ? ನೋಡಿದೆ. ಒಂದೂವರೆ ಎಂದಿತ್ತು, ಅದಕ್ಕೂ ಅದೇ ಕಿಲೋ ಬಿರುದು. ಒಂಬತ್ತರ ಬಲ್ಬಿಗಿಂತ ಕಡಿಮೆ. ಲೆಕ್ಕಕ್ಕೇ ಸೇರಿಸಲಿಲ್ಲ. ಮೆರವಣಿಗೆಯಲ್ಲಿ ತಲೆ ಎಣಿಸುವ ಮುಖಂಡ ತನ್ನ ತಲೆ ಯಾವತ್ತು ಎಣಿಸಿದ್ದಾನೆ?

ಸಂಜೆ ದ್ವಿಪಕ್ಷೀಯ ಮಾತುಕತೆ ನಡೆಯಿತು. ಸ್ಥಳ ಮೆಟ್ಟಿಲಿನ ತಿರುವು, ಎರಡೂ ಮನೆಗೆ ಸೇರದ ಜಾಗ. ನಾನು ಕೆಳಗಿನ ಮೆಟ್ಟಿಲಲ್ಲಿ, ಭಾವ ಮಂಡಿ ಚಾಚಿ ಮೇಲಿನ ಮೆಟ್ಟಿಲಲ್ಲಿ. ಅವರು ಬರುವಾಗಲೇ ಜಗಳಕ್ಕೆ ಸಿದ್ಧವಾಗಿ, ಕೆಮ್ಮಿ ಗಂಟಲು ಸರಿ ಮಾಡಿಕೊಂಡು ಬಂದಿದ್ದರು. ಬೇಡಿಕೆ ಒಂದೇ ಎಂದರು: ಬೆಳಿಗ್ಗೆ ತಾವು ಸ್ನಾನ ಮುಗಿಯಿತು ಎಂದು ಮೇಲಿನಿಂದ ಕೂಗಿ ಹೇಳುವವರೆಗೆ ಕೆಳಗೆ ಇಸ್ತ್ರಿ ಹಚ್ಚಬಾರದು. ತಾವು ಎಷ್ಟು ಗಂಟೆಗೆ ಸ್ನಾನ ಮಾಡುತ್ತೇವೆ ಎಂದು ಕೇಳಬಾರದು.

"ಆಯ್ತು ಭಾವ" ಎಂದೆ.

ಅವರು ನನ್ನನ್ನು ಅನುಮಾನದಿಂದ ನೋಡಿದರು. "ಏನ್ ಲೀಡರ್ರೇ, ಒಂದೇ ಮಾತಿಗೆ ಒಪ್ಪಿಬಿಟ್ರಿ? ನಿಮ್ಮ ಕಾಲದಲ್ಲಿ ಕೂತ್ಕೊಳ್ಳಿ ಅಂತ ಕುರ್ಚಿ ಕೊಟ್ರೆ, ಅದನ್ನ ಒಪ್ಕೋಬೇಕೋ ಬೇಡ್ವೋ ಅಂತ ಎರಡು ದಿನ ಚರ್ಚೆ ಮಾಡ್ತಿದ್ರಿ."

"ಕಾಲ ಬದಲಾಗಿದೆ ಭಾವ."

"ಏನೋ ಮುಚ್ಚಿಡ್ತಿದೀರಿ."

ಹಳೆಯ ಪೊಲೀಸು, ಮೂಗು ಇನ್ನೂ ಚುರುಕು. ನಾನು ಬೆವರು ಒರೆಸಿಕೊಂಡು ಇಳಿದು ಬಂದೆ. ಹೆಂಡತಿಗೆ ಮಾತುಕತೆ ಯಶಸ್ವಿ, ಇನ್ನು ಸ್ವಿಚ್ಚು ಬೀಳುವುದಿಲ್ಲ ಎಂದಷ್ಟೇ ವರದಿ ಒಪ್ಪಿಸಿದೆ. ಷರತ್ತು ಹೇಳಲಿಲ್ಲ. (ಸದಸ್ಯರಿಗೆ ಎಲ್ಲ ಷರತ್ತು ಹೇಳುತ್ತಾ ಕೂತರೆ ಒಪ್ಪಂದಗಳೇ ಆಗುವುದಿಲ್ಲ, ಇದು ಎಲ್ಲ ಸಂಘಗಳಿಗೂ ಗೊತ್ತು.)

ನನ್ನ ಅದೃಷ್ಟಕ್ಕೆ, ಆಮೇಲಿನ ದಿನಗಳಲ್ಲಿ ಅವಳಿಗೆ ಹೊಲಿಗೆಯೇ ಇತ್ತು. ಇಸ್ತ್ರಿಯನ್ನೆಲ್ಲ ಕೊನೆಗೆ ಒಟ್ಟಿಗೆ ಮಾಡುತ್ತೇನೆ ಎಂದು ಪೆಟ್ಟಿಗೆಯನ್ನು ಮುಟ್ಟಲಿಲ್ಲ. ಸ್ವಿಚ್ಚು ಬೀಳಲಿಲ್ಲ. ಭಾವನಿಗೆ ಬಿಸಿನೀರು ಬಂತು. ನನಗೂ ಬಂತು. ಎದೆ ಸೆಟೆಸಿಕೊಂಡು ಅಂಗಳದಲ್ಲಿ ಓಡಾಡಿದೆ. ಬೀದಿಯವರೊಬ್ಬರು ಸುಮ್ಮನೆ ಹೇಗಿದ್ದೀರಿ ಎಂದು ಕೇಳಿದರೂ ಒಪ್ಪಂದದ ವಿಷಯ ಹೇಳಿ ಕಳಿಸಿದೆ.

ಶನಿವಾರ ಬಂತು. ಬೆಳಿಗ್ಗೆ ಎದ್ದು ನೋಡಿದರೆ ಮುಂದಿನ ಕೋಣೆಯ ತುಂಬ ಬಿಳಿ ಕೋಟುಗಳ ಗುಡ್ಡ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಇಸ್ತ್ರಿಯ ವೈರು ಹಿಡಿದು ಪ್ಲಗ್ಗಿನ ಕಡೆ ಬಗ್ಗಿದಳು. ನಾನು ಓಡಿಹೋಗಿ ಪ್ಲಗ್ಗಿಗೆ ಬೆನ್ನು ಕೊಟ್ಟು ನಿಂತೆ.

"ಸರೀರಿ ಆ ಕಡೆ."

"ಸ್ವಲ್ಪ ತಡಿ. ಅಣ್ಣ ಸ್ನಾನ ಆಯ್ತು ಅಂತ ಕೂಗಲಿ."

"ಅಣ್ಣ ಯಾವಾಗ ಕೂಗ್ತಾನೆ?"

"ಅದನ್ನ ಕೇಳಬಾರದು ಅಂತಾನೂ ಒಪ್ಪಂದ ಆಗಿದೆ."

ಅವಳು ವೈರನ್ನು ಕೆಳಗಿಟ್ಟಳು. ಅದನ್ನು ಮೆಲ್ಲಗೆ ಇಟ್ಟದ್ದೇ ನನಗೆ ಭಯ ಹುಟ್ಟಿಸಿತು.

"ನನ್ನ ಇಸ್ತ್ರಿ, ನನ್ನ ಬೆಳಿಗ್ಗೆ. ನನ್ನ ಕೇಳದೆ ಬರೆದುಕೊಟ್ಟು ಬಂದ್ರಾ? ಇದನ್ನೇ ಅಲ್ವಾ ನಿಮ್ಮ ಮಾಲೀಕರು ಮಾಡ್ತಾರೆ ಅಂತ ಮೈಕು ಕಚ್ಚಿಕೊಂಡು ಕೂಗ್ತಿದ್ದಿದ್ದು?"

ನನ್ನ ಬಳಿ ಉತ್ತರವಿತ್ತು. ನಿನ್ನ ಮಾನ ಕಾಪಾಡಲು ಹೀಗೆ ಮಾಡಿದೆ, ನಿನ್ನದು ಎರಡು ಸಾವಿರ, ಅವರದು ಎರಡು ಎಂದು ಹೇಳಬಹುದಿತ್ತು. ಕೆಲಸದ ದಿನ ಅವಳ ಮನಸ್ಸು ಯಾಕೆ ನೋಯಿಸಲಿ ಎಂದು ನುಂಗಿಕೊಂಡೆ. ಅವಳು ನನ್ನ ಭುಜ ಹಿಡಿದು, ಬಾಗಿಲಿಗೆ ಅಡ್ಡವಿದ್ದ ಚೀಲ ಸರಿಸಿದಂತೆ ಸರಿಸಿ, ಪ್ಲಗ್ಗು ಚುಚ್ಚಿದಳು. ಪೆಟ್ಟಿಗೆ ಬುಸ್ ಎಂದಿತು.

ಆ ಬುಸ್ ಮೇಲಕ್ಕೂ ಕೇಳಿಸಿತು. ಒಪ್ಪಂದ ಮುರಿದಿದ್ದೀರಿ ಎಂದು ಭಾವ ಮಹಡಿಯಿಂದ ಕೂಗಿದರು. ಹಿಂದೆಯೇ ಅವರ ಬಚ್ಚಲಿನಲ್ಲಿ ಗೀಸರಿನ ಸ್ವಿಚ್ಚು ಟಕ್ ಎಂದಿತು. ಅದು ಸ್ನಾನಕ್ಕಿಂತ ಹೆಚ್ಚಾಗಿ ಪ್ರತಿಭಟನೆಗೆ ಹಾಕಿದ್ದು. ಆ ಟಕ್ ನನಗೆ ಗೊತ್ತಾಗುತ್ತದೆ.

ಸ್ವಿಚ್ಚು ಬೀಳಲು ಇನ್ನು ಹತ್ತು ನಿಮಿಷ. ಕಲೆಯಾದರೆ ವರ್ಷದ ಹೊಲಿಗೆ ಹೋಯಿತು. ಏನಾದರೂ ಮಾಡಬೇಕು. ನನ್ನ ತಲೆಗೆ ಮಿಂಚು ಹೊಡೆಯಿತು. ಭಾವನಿಗೆ ಬೇಕಾದದ್ದು ಬಿಸಿನೀರು ತಾನೆ? ಆ ನೀರನ್ನು ನಾನೇ ಕಾಯಿಸಿ ಹೊತ್ತುಕೊಂಡು ಹೋಗಿ ಕೊಟ್ಟರೆ ಅವರು ಗೀಸರ್ ಆರಿಸಲೇಬೇಕು. ಹೇಗೂ ಒಂದೂವರೆಯ ಕಾಯಿಲ್ ಇದೆ. ಹಿತ್ತಲಿಗೆ ಓಡಿದೆ. ದೊಡ್ಡ ಬಕೆಟ್ಟು ತುಂಬಿಸಿ, ಕಾಯಿಲ್ ಇಳಿಬಿಟ್ಟು, ಸ್ವಿಚ್ಚು ಒತ್ತಿದೆ.

ನೀರು ಇನ್ನೂ ಬೆಚ್ಚಗಾಗಿರಲಿಲ್ಲ. ಟಪ್.

ಮುಂದಿನ ಕೋಣೆಯಿಂದ ಒಂದು ನಿಟ್ಟುಸಿರು ಕೇಳಿಸಿತು. ಕೂಗಿದ್ದರೆ ಚೆನ್ನಾಗಿತ್ತು. ಕೈಯಲ್ಲಿ ಕಂದು ನೀರು ಉಗುಳಿಸಿಕೊಂಡ ಕೋಟು ಹಿಡಿದು ಅವಳು ಹಿತ್ತಲಿಗೆ ಬಂದಳು, ಆ ನಲ್ಲಿಯಲ್ಲಿ ತಕ್ಷಣ ತೊಳೆದರೆ ಕಲೆ ಹೋದೀತು ಎಂದು. ಬಂದವಳು ಬಕೆಟ್ಟು ನೋಡಿದಳು. ಬಕೆಟ್ಟಿನಿಂದ ಹೊರಟ ವೈರು ನೋಡಿದಳು. ವೈರಿನ ಜೊತೆ ಅವಳ ಕಣ್ಣು ಗೋಡೆಯವರೆಗೆ ಹೋಗಿ ಬಂತು.

"ಇದೇನ್ರೀ ಇದು?"

"ಅದು ಏನೂ ಇಲ್ಲ. ಬರೀ ಒಂದೂವರೆ. ಬಲ್ಬಿಗಿಂತ ಕಡಿಮೆ."

ಅಷ್ಟರಲ್ಲಿ ಭಾವ ಗೋಡೆ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದು ಬಂದರು. ಸೊಂಟಕ್ಕೆ ಟವಲ್ಲು, ಎದೆಯ ಮೇಲೆ ಸೋಪಿನ ನೊರೆ, ಬಾಯಲ್ಲಿ ಬೈಗುಳ ತುಂಬಿಕೊಂಡು ಬಂದಿದ್ದವರು ಬಕೆಟ್ಟು ನೋಡಿ ಸುಮ್ಮನಾದರು. ಕದ್ದ ಮಾಲು ಕಂಡ ಪೇದೆಯ ಮುಖದಲ್ಲಿ ಒಂದು ಶಾಂತಿ ಇಳಿಯುತ್ತದೆ. ಅದನ್ನು ನಾನು ಹಿಂದೆಯೂ ಅವರ ಮುಖದಲ್ಲಿ ಕಂಡಿದ್ದೇನೆ, ವ್ಯಾನಿನ ಬಾಗಿಲಲ್ಲಿ.

ಹೆಂಡತಿ ಪ್ಲಗ್ಗು ಕಿತ್ತು, ಕಾಯಿಲನ್ನು ಮೇಲೆತ್ತಿ, ಅದರ ಹಿಡಿಯ ಮೇಲಿನ ಅಕ್ಷರ ಓದಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ನೀವು ಅಂಗಡಿಯಿಂದ ಒಂದು ಕಿಲೋ ಸಕ್ಕರೆ ತರ್ತೀರಲ್ಲ, ಅದು ಎಷ್ಟು ಗ್ರಾಮು?"

"ಸಾವಿರ" ಎಂದೆ. ಎಂದವನಿಗೆ ಬೆನ್ನ ಮೇಲೆ ಯಾರೋ ತಣ್ಣೀರು ಸುರಿದಂತಾಯಿತು.

"ಸಕ್ಕರೆಗೊಂದು ಕಿಲೋ, ಕರೆಂಟಿಗೊಂದು ಕಿಲೋ ಅಂತ ಬೇರೆ ಬೇರೆ ಇಟ್ಟಿದಾರಾ?"

ನಾನು ಕೂತುಕೊಂಡೆ. ಬಕೆಟ್ಟಿನ ಪಕ್ಕ, ಒದ್ದೆ ಕಲ್ಲಿನ ಮೇಲೆ, ತಿಕ ಊರಿ ಕೂತುಕೊಂಡೆ. ಕಾಯಿಲು ಒಂದೂವರೆ ಸಾವಿರ. ಭಾವನ ಗೀಸರು ಎರಡು ಸಾವಿರ. ಹೆಂಡತಿಯ ಇಸ್ತ್ರಿ ಎರಡು ಸಾವಿರ. ಅಣ್ಣ ತಂಗಿ ಇಬ್ಬರೂ ಸಮ, ಒಂದು ವಾಟೂ ಹೆಚ್ಚು ಕಡಿಮೆ ಇಲ್ಲ. ಸಮಾನತೆ ಬೇಕು ಎಂದು ಮೂವತ್ತು ವರ್ಷ ಗಂಟಲು ಹರಿದುಕೊಂಡಿದ್ದೇನೆ. ಒಂದು ದಿನ ಅದು ನಮ್ಮ ಮನೆಗೇ ಬಂದು ಎರಡು ವಸ್ತುಗಳ ತಳದಲ್ಲಿ ಅಂಟಿಕೊಂಡು ಕೂತರೆ, ಗುರುತು ಹಿಡಿಯದೆ ಅದರ ಮುಖಕ್ಕೆ ಟೇಪು ಬಡಿದು ಬಂದಿದ್ದೆ.

ಟೇಪಿನ ವಿಷಯ ಆಗ ಬಾಯಿಬಿಟ್ಟೆ. ಅದು ತಾನಾಗಿ ಬಂತು. ಪೊಲೀಸರ ಮುಂದೆ ಕೂತರೆ ಹಾಗಾಗುತ್ತದೆ.

ಮುಂದಿನ ವಿಚಾರಣೆ ಅಲ್ಲೇ ನಡೆಯಿತು. ನಿಮ್ಮ ಅಂಗಡಿಯವನು ಏನು ಹೇಳಿದ್ದ ಎಂದು ಹೆಂಡತಿ ಕೇಳಿದಳು. ವೋಲ್ಟಿಗೆ ಆಂಪಿಯರ್ ಗುಣಿಸಿದರೆ ವಾಟು ಎಂದೆ. ಗುಣಿಸಿ ಎಂದಳು. ಮನೆಯ ಎಲ್ಲ ವಸ್ತುವಿನ ತಳದಲ್ಲೂ ಇನ್ನೂರ ಮೂವತ್ತು ವೋಲ್ಟು ಎಂದಿದೆ, ಮೆಟ್ಟಿಲಿನ ಸ್ವಿಚ್ಚು ಇಪ್ಪತ್ತು ಆಂಪಿಯರ್. ಬೆರಳು ಮಡಚಿ ಮಡಚಿ ಗುಣಿಸಿದೆ: ನಾಲ್ಕು ಸಾವಿರದ ಆರುನೂರು ವಾಟು. ಇಸ್ತ್ರಿ, ಗೀಸರು ಸೇರಿದರೆ ನಾಲ್ಕು ಸಾವಿರ. ಓಣಿಯಲ್ಲಿ ಆರಾಮಾಗಿ ಹಿಡಿಸುತ್ತದೆ, ಫ್ಯಾನು ಬಲ್ಬುಗಳಿಗೂ ಜಾಗ ಉಳಿಯುತ್ತದೆ. ಅದರ ಮೇಲೆ ನನ್ನ ಒಂದೂವರೆ ಸಾವಿರ ಬಂದು ನಿಂತರೆ ಐದೂವರೆ. ಟಪ್.

"ಇನ್ನೊಂದು ಸಲ ಎಣಿಸಿ ಲೀಡರ್ರೇ" ಎಂದರು ಭಾವ, ನೊರೆ ಒರೆಸಿಕೊಳ್ಳುತ್ತಾ. "ಭಾಗಿಸೋದು ಗುಣಿಸೋದು ಏನೂ ಬೇಡ. ಹಾಗೇ ಎಣಿಸಿ."

ಹಾಗೇ ಎಣಿಸಿದೆ. ಅಷ್ಟೇ ಬಂತು.

ಸ್ವಿಚ್ಚು ಎತ್ತಲು ಈ ಸಲ ಅಣ್ಣ ತಂಗಿ ಒಟ್ಟಿಗೆ ಹೋದರು. ಗೀಸರು ಹಾಕಿದರು, ಇಸ್ತ್ರಿ ಹಚ್ಚಿದರು, ಕಾಯಿಲ್ ಭಾವನ ಕಂಕುಳಲ್ಲಿ ಜಪ್ತಿಯಾಗಿತ್ತು. ಮೂವರೂ ಮೆಟ್ಟಿಲಿನ ತಿರುವಿನಲ್ಲಿ ಸ್ವಿಚ್ಚಿನ ಮೇಲೆ ಕಣ್ಣಿಟ್ಟು ನಿಂತೆವು. ಹತ್ತು ನಿಮಿಷ ಕಳೆಯಿತು. ಇನ್ನೂ ಸ್ವಲ್ಪ ಕಳೆಯಿತು. ಸ್ವಿಚ್ಚು ಬೀಳಲಿಲ್ಲ. ಬೀಳಲಿ ಎಂದು ಒಳಗೊಳಗೇ ಬೇಡಿಕೊಂಡವನು ನಾನೊಬ್ಬನೇ.

ಅವಳು ಇಸ್ತ್ರಿಗೆ ಬಿದ್ದಳು. ಕಲೆಯಾದ ಕೋಟನ್ನು ನಾನು ಹಿತ್ತಲಿನಲ್ಲಿ ಉಜ್ಜಿ ಉಜ್ಜಿ ತೊಳೆದು ಕೊಟ್ಟೆ; ಪೋಸ್ಟರಿನ ಗೋಂದು ಮೆತ್ತಿದ ಅಂಗಿಗಳನ್ನು ತೊಳೆದ ಅನುಭವ ಅಲ್ಲಿ ಉಪಯೋಗಕ್ಕೆ ಬಂತು. ಮಧ್ಯಾಹ್ನಕ್ಕೆ ಸ್ವಲ್ಪ ಮೊದಲು ಗಂಟುಗಳನ್ನು ಆಸ್ಪತ್ರೆಯ ಮೇಜಿನ ಮೇಲೆ ಇಟ್ಟೆವು. ಅಲ್ಲಿನ ಹಿರಿಯ ನರ್ಸು ಒಂದೊಂದನ್ನೇ ಬಿಡಿಸಿ, ಬೆಳಕಿಗೆ ಹಿಡಿದು, ತಿರುಗಿಸಿ ನೋಡಿದರು. ನಾನು ತೊಳೆದ ಕೋಟು ಬಂದಾಗ ನಾನು ಕಿಟಕಿಯ ಕಡೆ ನೋಡಿದೆ. ಮುಂದಿನ ತಿಂಗಳ ಬಟ್ಟೆ ಸೋಮವಾರ ಕಳಿಸುತ್ತೇವೆ ಎಂದರು. ನನ್ನ ಹೆಂಡತಿ "ಆಗಲಿ" ಎಂದಷ್ಟೇ ಹೇಳಿ ಹೊರಗೆ ಬಂದು, ಗೇಟಿನ ಪಕ್ಕದ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕೂತಳು. ಕಾಲು ನೋವು ಎಂದಳು. ನಾನೂ ಪಕ್ಕದಲ್ಲಿ ಕೂತೆ. ಮಾತಾಡದೆ ಇರುವುದು ನನಗೂ ಬರುತ್ತದೆ, ಹೇಳಿದರೆ ಯಾರೂ ನಂಬುವುದಿಲ್ಲ.

ಸಂಜೆ ತೀರ್ಪು ಬಂತು. ಬೆಳಿಗ್ಗೆ ಎದ್ದು ಹೋಗಬೇಕಾದ ಯಾವ ಸಭೆಯೂ ಇಲ್ಲದ ಮನುಷ್ಯ ಏಳಕ್ಕೇ ಬಿಸಿನೀರು ಸುರಿದುಕೊಳ್ಳುವುದು ಏಕೆ ಎಂದು ಹೆಂಡತಿ ಕೇಳಿದಳು. ಕಾಯಿಲ್ ಭಾವನ ಬೀರುವಿಗೆ ಸೇರಿತು. ನನ್ನ ದೆಸೆಯಿಂದ ಭಾವ ಹನ್ನೊಂದು ಬೆಳಿಗ್ಗೆ ತಣ್ಣೀರಿನಲ್ಲಿ ನಿಂತಿದ್ದಾರೆ. ಆದ್ದರಿಂದ ಹನ್ನೊಂದು ಸಂಜೆ, ಮಂಡಿಗೆ ಶಾಖ ಕೊಡಲು, ಗ್ಯಾಸಿನಲ್ಲಿ ಕಾಯಿಸಿದ ಒಂದೊಂದು ಬಕೆಟ್ ನೀರನ್ನು ನಾನು ಮೇಲೆ ಮುಟ್ಟಿಸಬೇಕು. ಮೇಲ್ಮನವಿಗೆ ಅವಕಾಶವಿಲ್ಲ.

ಇಷ್ಟೇ ಆಗಿದ್ದರೆ ಬಾಕಿ ಎಂದೋ ತೀರುತ್ತಿತ್ತು. ತೀರಲಿಲ್ಲ. ತುಂಬಿದ ಬಕೆಟ್ಟು ಎತ್ತಿಕೊಂಡು ಹೊರಟರೆ ಮೆಟ್ಟಿಲು ಹತ್ತುವಾಗ ಅರ್ಧ ತುಳುಕುತ್ತದೆ, ನನಗೂ ವಯಸ್ಸಾಗಿದೆ. ಮೇಲೆ ಹೋಗಿ ಇಳಿಸಿ "ಒಂದು ಬಕೆಟ್" ಎನ್ನುತ್ತೇನೆ. ಭಾವ ಬಗ್ಗಿ ನೋಡಿ, ಬೆರಳು ಅದ್ದಿ, ಲೆಕ್ಕಕ್ಕೆ ಬರೋದಿಲ್ಲ ಲೀಡರ್ರೇ ಎನ್ನುತ್ತಾರೆ. ಸಂಘದ ಲೆಕ್ಕದಲ್ಲಿ ನಾನು ಕೊಟ್ಟು ಮುಗಿಸಿ ಎಷ್ಟೋ ದಿನವಾಯಿತು. ಪೊಲೀಸ್ ಲೆಕ್ಕದಲ್ಲಿ ಇನ್ನೂ ಹನ್ನೊಂದು ಬಾಕಿ. ನಡುವೆ ತೀರ್ಪು ಹೇಳಬೇಕಾದವಳು ಮೆಷಿನ್ನು ತುಳಿಯುತ್ತಾ, "ಹಲವು ಅಂತ ಬರ್ಕೊಳ್ಳಿ" ಎನ್ನುತ್ತಾಳೆ.

ಆದ್ದರಿಂದ ಈಗ ನೇರವಾಗಿ ನಿಮ್ಮನ್ನೇ ಕೇಳುತ್ತೇನೆ. ಆ ದಿನ ಮಿಲ್ಲಿನ ಬಾಗಿಲಿನಿಂದ ದೊಡ್ಡ ಕಚೇರಿಯವರೆಗೆ ನನ್ನ ಹಿಂದೆ ನಡೆದು ಬಂದವರು ನೀವು. ಐದು ಸಾವಿರ ಜನ ಇದ್ದಿರಿ. ಉಳಿದ ಎಲ್ಲ ಲೆಕ್ಕದಲ್ಲೂ ನಾನು ಸೋತಿದ್ದೇನೆ, ಆ ಅಂಕಿಯಿಂದ ಮಾತ್ರ ಹಿಂದೆ ಸರಿಯುವುದಿಲ್ಲ. ಭಾವನ ಹಾಗೆ ಭಾಗಿಸಿದರೂ ಐನೂರು ಜನ ಎಲ್ಲೋ ಇದ್ದೇ ಇರಬೇಕು. ಅಷ್ಟೂ ಜನ ಬೇಡ, ಹನ್ನೊಂದು ಜನ ಬನ್ನಿ. ತಲಾ ಒಂದು ಬಕೆಟ್, ತುಂಬಿ, ತುಳುಕಿಸದೆ, ಮೇಲಕ್ಕೆ. ಬರುವಾಗ ಯಾರೂ ಕಾಯಿಲ್ ತರಬೇಡಿ.